ಮಗಳಂತೆ

ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರು ಉಪಮಾಲಂಕಾರವನ್ನು ಮರೆತಿರುವುದಿಲ್ಲ. ಸೀತೆಯ ಮುಖ ಕಮಲದಂತೆ ಅರಳಿತು. ಮುಖ ಉಪಮೇಯ, ಕಮಲ ಉಪಮಾನ, ‘ಅಂತೆ’ ಉಪಮಾವಾಚಕ, ಅರಳುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಕೈಬಿಟ್ಟರೂ ಲುಪ್ತೋಪಮೆ. ಈ ಪಾಠವನ್ನು ಹೆಣ್ಣು ನೋಡುವ ಶಾಸ್ತ್ರ ನಡೆಯುವ ನಡುಮನೆಗೆ ತಂದು ನೋಡಿ. ಉಪ್ಪಿಟ್ಟು, ಕೇಸರಿಬಾತು ಮುಗಿದು ಕಾಫಿ ಲೋಟಗಳು ಖಾಲಿಯಾದ ಮೇಲೆ ಗಂಡಿನ ತಾಯಿ ಹುಡುಗಿಯ ತಾಯಿಯ ಕೈ ಹಿಡಿದು ಒಂದು ಮಾತು ಹೇಳುತ್ತಾರೆ: ‘ನೀವೇನೂ ಯೋಚನೆ ಮಾಡಬೇಡಿ. ಸೊಸೆ ಅಂತ ಅಲ್ಲ, ಮಗಳಂತೆ ನೋಡ್ಕೋತೀವಿ.’ ಸೊಸೆ ಉಪಮೇಯ, ಮಗಳು ಉಪಮಾನ, ವಾಚಕವೂ ಇದೆ. ಸಮಾನಧರ್ಮ ಎಲ್ಲಿ? ಯಾವ ವಿಷಯದಲ್ಲಿ ಮಗಳಂತೆ? ಭಾನುವಾರ ಎಂಟು ಗಂಟೆಯವರೆಗೆ ಮಲಗುವುದರಲ್ಲೋ, ಸಾರು ಸಪ್ಪೆ ಎಂದವರಿಗೆ ‘ಹಾಗಾದ್ರೆ ನೀವೇ ಮಾಡ್ಕೊಳ್ಳಿ’ ಅನ್ನುವುದರಲ್ಲೋ, ಮನೆಯ ಕಾಗದಪತ್ರದಲ್ಲಿ ಹೆಸರು ಬರುವುದರಲ್ಲೋ? ಹೇಳುವವರು ಹೇಳುವುದಿಲ್ಲ, ಕೇಳುವವರಿಗೆ ಕೇಳಲು ಸಂಕೋಚ. ವ್ಯಾಕರಣದ ಲೆಕ್ಕದಲ್ಲಿ ಇದು ಅಪ್ಪಟ ಲುಪ್ತೋಪಮೆ. ಕನ್ನಡದ ‘ಅಂತೆ’ಗೆ ಇನ್ನೊಂದು ಉದ್ಯೋಗವೂ ಇದೆಯಲ್ಲ, ಇದು ಕಂಡದ್ದಲ್ಲ, ಯಾರೋ ಹೇಳಿದ್ದು ಎಂದು ಸೂಚಿಸುವುದು. ಊರಲ್ಲಿ ಮಳೆಯಂತೆ. ಅವರ ಮನೆಯಲ್ಲಿ ಸೊಸೆಯೂ ಮಗಳಂತೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಆ ಮಾತು ಮೊದಲನೆಯ ಅಂತೆಯಿಂದ ಎರಡನೆಯ ಅಂತೆಗೆ ಜಾರಿರುತ್ತದೆ.

ಆ ತಾಯಿ ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಹೇಳುವ ಹೊತ್ತಿಗೆ ಬಹುಮಂದಿ ಮನಸಾರೆಯೇ ಹೇಳಿರುತ್ತಾರೆ. ನನ್ನ ತಕರಾರು ಬೇರೆ: ಮಾತು ನಿಜವಾದರೂ ಅದು ಸೊಸೆಗೆ ಬೇಕಾದ ಮಾತಲ್ಲ. ಬೇರೆ ಮನೆಯಲ್ಲಿ ಬೆಳೆದು ವಯಸ್ಸಿಗೆ ಬಂದ ಒಬ್ಬ ಹೆಣ್ಣುಮಗಳನ್ನು ಮಗಳನ್ನಾಗಿ ಮಾಡಿಕೊಳ್ಳುತ್ತೇವೆಂದು ಗಂಡನ ಮನೆ ಹೊರಡುವುದರಿಂದಲೇ ಅವಳ ಪಾಡು ಅರ್ಧ ಶುರುವಾಗುತ್ತದೆ. ಅವಳನ್ನು ಸೊಸೆಯಾಗಿಯೇ ಇರಗೊಟ್ಟು, ನೆಂಟಸ್ತಿಕೆಗೆ ಸಲ್ಲಬೇಕಾದ ಮರ್ಯಾದೆಯನ್ನೂ ದೂರವನ್ನೂ ಕೊಟ್ಟರೆ ಸಾಕು. ಅದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದೇ ಮನೆಯ ಜಗುಲಿಯ ಮೇಲೆ, ಫ್ಯಾನಿನ ಕೆಳಗೆ, ಕಾಲ ಮೇಲೆ ಕಾಲು ಹಾಕಿಕೊಂಡು ಅಳಿಯ ಕೂತಿದ್ದಾನೆ.

ಮಗಳೆಂಬ ಪದವಿಯದು ಎರಡು ಪುಟದ ಖಾತೆ. ಒಂದು ಪುಟದಲ್ಲಿ ಸಲಿಗೆ: ಮುನಿಸಿಕೊಳ್ಳುವುದು, ಎದುರು ಮಾತಾಡುವುದು, ಊಟ ಬೇಡವೆನ್ನುವುದು, ತಪ್ಪು ಮಾಡಿಯೂ ಬಚಾವಾಗುವುದು. ಇನ್ನೊಂದರಲ್ಲಿ ಜವಾಬ್ದಾರಿ: ಹಿರಿಯರ ಆರೈಕೆ, ಹೇಳಿದ್ದು ಕೇಳುವುದು, ಮನೆಯ ಮಾನ ಕಾಯುವುದು. ಸಲಿಗೆಯ ಪುಟವನ್ನು ಯಾರೂ ಒಂದು ದಿನದಲ್ಲಿ ಬರೆದುಕೊಟ್ಟದ್ದಲ್ಲ. ಹೊಟ್ಟೆಯಲ್ಲಿ ಹುಟ್ಟಿ, ಮಡಿಲಲ್ಲಿ ಬೆಳೆದು, ಜ್ವರಕ್ಕೆ ಬಿದ್ದು ಎದ್ದು, ಇಪ್ಪತ್ತೈದು ವರ್ಷದಲ್ಲಿ ತುಂಬಿದ್ದು. ಧಾರೆ ಎರೆದ ಮರುದಿನ ಅದನ್ನು ಇನ್ನೊಬ್ಬಳ ಹೆಸರಿಗೆ ವರ್ಗ ಮಾಡಲು ಬರುವುದಿಲ್ಲ. ಜವಾಬ್ದಾರಿಯ ಪುಟ ಮಾತ್ರ ಅಂದೇ ವರ್ಗವಾಗುತ್ತದೆ. ಇದನ್ನು ನೋಡಬೇಕಾದರೆ ಜಗಳಗಳನ್ನು ನೋಡಬೇಡಿ, ಊಟದ ಸಾಲನ್ನು ನೋಡಿ. ಗೌರಿ ಹಬ್ಬದ ಮಧ್ಯಾಹ್ನ. ಬಾಗಿನಕ್ಕೆಂದು ಮಗಳು ತವರಿಗೆ ಬಂದಿದ್ದಾಳೆ. ಸೊಸೆ ಎಲ್ಲರಿಗೂ ಬಡಿಸಿ ಆಗ ತಾನೇ ಎಲೆಯ ಮುಂದೆ ಕೂತು ಹೋಳಿಗೆಯ ಅಂಚು ಮುರಿದಿದ್ದಾಳೆ. ಮಾವನವರು ಮಜ್ಜಿಗೆ ಅನ್ನ ಕಲಸುತ್ತ ‘ಉಪ್ಪು’ ಎನ್ನುತ್ತಾರೆ. ಯಾರ ಹೆಸರನ್ನೂ ಹಿಡಿಯಲಿಲ್ಲ, ಯಾರ ಕಡೆಗೂ ನೋಡಲಿಲ್ಲ, ದನಿಯಲ್ಲಿ ಅಧಿಕಾರದ ಲವಲೇಶವಿಲ್ಲ. ಆದರೂ ಒಬ್ಬಳು ಎಂಜಲುಗೈಯನ್ನು ಮಡಚಿ ಹಿಡಿದು, ಎಡಗೈಯೂರಿ ಏಳುತ್ತಾಳೆ. ಮಗಳು ಅರ್ಧ ಎದ್ದಳೆನ್ನಿ, ತಾಯಿ ತಡೆಯುತ್ತಾಳೆ: ‘ನೀನು ಕೂತ್ಕೋ, ಅಪರೂಪಕ್ಕೆ ಬಂದಿದೀಯ.’ ಮಗಳ ಪಾಲಿಗೂ ಅದು ಅಪರೂಪದ ಸುಖವೇ, ಏಕೆಂದರೆ ಹಿಂದಿನ ವಾರ ಇನ್ನೊಂದು ಊರಿನ ಇನ್ನೊಂದು ಪಂಕ್ತಿಯಲ್ಲಿ ‘ಉಪ್ಪು’ ಎಂದಾಗ ಎದ್ದವಳು ಅವಳೇ. ಇಲ್ಲಿ ಯಾರೂ ಕೆಟ್ಟವರಲ್ಲ. ‘ಮಗಳಂತೆ’ ಎಂಬ ಮಾತಿನಲ್ಲಿ ಬಿಟ್ಟುಹೋದ ಸಮಾನಧರ್ಮ ಯಾವುದೆಂದು ಮಾತ್ರ ಆ ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಈಗ ಅಳಿಯನ ಕಡೆಗೆ ಬನ್ನಿ. ಅವನು ಬಂದರೆ ಮಾತಿನ ರೂಪವೇ ಬದಲಾಗುತ್ತದೆ. ಒಬ್ಬನೇ ಬಂದಿದ್ದರೂ ‘ಅಳಿಯಂದಿರು ಬಂದರು’ ಎನ್ನುತ್ತೇವೆ. ಮಗನ ವಯಸ್ಸಿನವನಾದರೂ ಅವನಿಗೆ ‘ನೀವು’. ಮೊದಲ ದೀಪಾವಳಿಗೆ ಎಣ್ಣೆನೀರು, ಹೊಸ ಪಂಚೆ, ಎರಡು ಬಗೆ ಪಲ್ಯ. ಅವನಿಗೆ ಬದನೆಕಾಯಿ ಸೇರುವುದಿಲ್ಲವೆಂದು ತಿಳಿದರೆ ಆ ಮನೆಯ ವಾಂಗೀಬಾತು ಒಂದು ವಾರ ರಜೆ ಹಾಕುತ್ತದೆ. ಅವನನ್ನು ಯಾರೂ ‘ಮಗನಂತೆ ನೋಡ್ಕೋತೀವಿ’ ಎಂದು ಕರೆತಂದದ್ದಲ್ಲ. ಮಗನಂತೆ ನೋಡಿಕೊಂಡಿದ್ದರೆ ಸಿಲಿಂಡರ್ ಹೊರಿಸುತ್ತಿದ್ದರು. ಅವನು ಮನೆಯವನಲ್ಲ, ಆದ್ದರಿಂದಲೇ ಅವನಿಗೆ ಮರ್ಯಾದೆ. ಇದರಿಂದ ಪ್ರೀತಿಗೆ ಏನೂ ಕೊರತೆಯಾದಂತೆ ಕಾಣುವುದಿಲ್ಲ. ಅತ್ತೆ-ಅಳಿಯನ ನಡುವೆ ಎಷ್ಟೋ ಮನೆಗಳಲ್ಲಿ ತಾಯಿ-ಮಗನ ನಡುವೆ ಇಲ್ಲದ ಸರಸವಿದೆ. ಒಂದು ಮಾತನ್ನು ನೋಡಿ: ಮನೆಅಳಿಯ. ಹೆಂಡತಿಯ ತವರಿನಲ್ಲಿ ಬಂದು ಉಳಿದ ಗಂಡಿಗೆ ಇಟ್ಟ ಹೆಸರು, ಹೇಳುವಾಗ ತುಟಿಯಂಚಿನಲ್ಲಿ ಒಂದು ನಗು ಸೇರಿಕೊಂಡೇ ಬರುತ್ತದೆ. ‘ಮನೆಸೊಸೆ’ ಎಂಬ ಮಾತು ಅದೇ ಅಚ್ಚಿನಲ್ಲಿ ಎರಕ ಹೊಯ್ದದ್ದು, ಆದರೆ ಅದು ಹೊಗಳಿಕೆ. ಗಂಡಸಿಗೆ ಯಾವುದು ನಗೆಪಾಟಲೋ ಹೆಂಗಸಿಗೆ ಅದೇ ಸರ್ಟಿಫಿಕೇಟು.

‘ಮನೆಯವಳು’ ಎನಿಸಿಕೊಳ್ಳುವುದರ ಬೆಲೆ ಏನೆಂಬುದನ್ನು ಉತ್ತರ ಕರ್ನಾಟಕದ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಿಂದೆಯೇ ಯೋಚಿಸಿದ್ದಾರೆ. ‘ಕೆರೆಗೆ ಹಾರ’ ಎಂಬ ಕಥನಗೀತೆ ಶಾಲೆಯ ಪಠ್ಯವಾಗಿ, ನಾಟಕವಾಗಿ ಎಲ್ಲರಿಗೂ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಮನೆಯ ಸೊಸೆಯನ್ನು ಬಲಿ ಕೊಡಬೇಕೆಂದು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಮಾಡುವವರು ಯಾರು? ಕಿರಿಯ ಸೊಸೆ ಭಾಗೀರಥಿ ಎಂದು ತೀರ್ಮಾನವಾಗುತ್ತದೆ. ಅವಳು ತವರಿಗೆ ಹೋಗುತ್ತಾಳೆ. ಹೆತ್ತವರಿಗೆ ನಿಜ ಹೇಳಲಾರದೆ ಅತ್ತೆ ಮಾವ ತನ್ನನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಗೆಳತಿಗೆ ನಿಜ ಹೇಳಿದರೆ ಅವಳೂ ಇಟ್ಟ ಹಾಗೆ ಇರಬೇಕೆನ್ನುತ್ತಾಳೆ. ಎಲ್ಲರೂ ಸೇರಿ ಕೆರೆಗೆ ಹೋಗಿ ಪೂಜೆ ಮಾಡಿ ಹಿಂತಿರುಗುವಾಗ ಬಂಗಾರದ ಬಟ್ಟಲನ್ನು ಅಲ್ಲೇ ಮರೆತು ಬಂದಿರುತ್ತಾರೆ. ತರಲು ಹೋಗುವವಳು ಕಿರಿಯ ಸೊಸೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಬಂದು, ಸಂಗತಿ ತಿಳಿದು, ಅದೇ ಕೆರೆಗೆ ಹಾರುತ್ತಾನೆ.

ಈ ಹಾಡನ್ನು ತ್ಯಾಗದ ಕಥೆಯೆಂದು ಓದುವವರಿದ್ದಾರೆ, ಕ್ರೌರ್ಯದ ಕಥೆಯೆಂದು ಓದುವವರೂ ಇದ್ದಾರೆ. ನನಗೆ ಕಾಣುವುದು ಆ ಬಟ್ಟಲು. ಬಲಿಯನ್ನು ಕಟ್ಟಿಹಾಕಿ ಎಳೆದೊಯ್ಯಬೇಕಾಗಲಿಲ್ಲ. ಮರೆತ ಬಟ್ಟಲನ್ನು ತರುವವರು ಯಾರೆಂಬುದು ಆ ಮನೆಯಲ್ಲಿ ಮೊದಲೇ ಇತ್ಯರ್ಥವಾಗಿತ್ತು. ಉಪ್ಪು ತರಲು ಎದ್ದವಳೇ ಬಟ್ಟಲು ತರಲೂ ತಿರುಗಿದಳು. ಗೌಡನಾಗಲಿ ಗೌಡತಿಯಾಗಲಿ ಅವಳನ್ನು ಬೈದಂತೆ, ಹೊಡೆದಂತೆ ಹಾಡಿನಲ್ಲಿಲ್ಲ. ಅವಳು ಆ ಮನೆಯ ಸ್ವಂತದವಳು, ಸ್ವಂತದ್ದನ್ನು ಖರ್ಚು ಮಾಡಲು ಯಾರನ್ನೂ ಕೇಳಬೇಕಾಗಿಲ್ಲ, ಅಷ್ಟೇ. ಹೊತ್ತಿಗೆಯಲ್ಲಿ ಅಳಿಯನ ಹೆಸರು ಬಂದಿದ್ದರೆ ಏನಾಗುತ್ತಿತ್ತೆಂದು ಸುಮ್ಮನೆ ಯೋಚಿಸಿ. ಅವನ ಅಪ್ಪ-ಅಮ್ಮನಿಗೆ ಹೇಳಿಕಳಿಸಬೇಕು, ಬೀಗರು ಬಂದು ಕೂಡಬೇಕು, ಪಂಚಾಯಿತಿಯಾಗಬೇಕು. ಕೆರೆ ಒಣಗಿಯೇ ಇರುತ್ತಿತ್ತು. ಹಾಡು ಇತಿಹಾಸವಲ್ಲ, ಅದರಿಂದ ಏನನ್ನು ಸಾಧಿಸುತ್ತೀರಿ ಎಂದು ಕೇಳಬಹುದು. ಘಟನೆ ನಡೆಯಿತೆಂದು ಸಾಧಿಸಲಾಗದು, ಒಪ್ಪಿದೆ. ಆದರೆ ಕೇಳುವವರಿಗೆ ಯಾವುದು ಸಹಜವೆಂದು ತೋರುತ್ತಿತ್ತು ಎಂಬುದಕ್ಕೆ ಹಾಡಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹಿರಿಸೊಸೆಯೋ ಕಿರಿಸೊಸೆಯೋ ಎಂಬ ಚರ್ಚೆಯಾಗುತ್ತದೆ. ಮಗಳೋ ಸೊಸೆಯೋ ಎಂಬ ಚರ್ಚೆ ಏಳುವುದೇ ಇಲ್ಲ.

ಇನ್ನು ‘ಮಗಳಂತೆ’ ಎನ್ನುವುದು ನಮ್ಮ ಪರಂಪರೆ ಎನ್ನುವವರಿಗೆ ಎರಡು ಮಾತು. ಮದುವೆಯ ಮಂತ್ರಗಳಿಗೆ ಮೂಲವಾದ ಋಗ್ವೇದದ ವಿವಾಹಸೂಕ್ತ, ಹತ್ತನೇ ಮಂಡಲದ 85ನೇ ಸೂಕ್ತ, ವಧುವನ್ನು ಹರಸುವಾಗ ಮಗಳಾಗು ಎನ್ನುವುದಿಲ್ಲ. ಮಾವನ ಮೇಲೆ, ಅತ್ತೆಯ ಮೇಲೆ, ನಾದಿನಿ ಮೈದುನರ ಮೇಲೆ ಸಮ್ರಾಜ್ಞಿಯಾಗು ಎನ್ನುತ್ತದೆ. ಪುರೋಹಿತರು ಅದನ್ನು ಹೇಳುವಾಗ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ; ಸಂಸ್ಕೃತ ಬಾರದಿರುವುದರಿಂದ ಎಷ್ಟೋ ಮದುವೆಗಳು ಸುಸೂತ್ರ ನಡೆದಿವೆ. ಎರಡನೆಯದು ಕರಾವಳಿಯ ಮಾತು. ತುಳುನಾಡಿನ ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ ಪದ್ಧತಿ ನಡೆಯುತ್ತಿತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳ್ವೆ ಮಾಡಿದರೂ ತನ್ನ ತಾಯಿಯ ಕುಟುಂಬದ ಸದಸ್ಯಳಾಗಿಯೇ ಉಳಿಯುತ್ತಿದ್ದಳು, ಅವಳ ಹಕ್ಕು ಅಲ್ಲಿಯೇ, ಅವಳ ಮಕ್ಕಳದೂ ಅಲ್ಲಿಯೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಈ ವ್ಯವಸ್ಥೆಯನ್ನು ಬರವಣಿಗೆಯಲ್ಲಿ ಕ್ರಮಬದ್ಧಗೊಳಿಸಿತು. ಅದೇನು ಹೆಂಗಸರ ಸ್ವರ್ಗವಾಗಿರಲಿಲ್ಲ. ಯಜಮಾನಿಕೆ ಎಷ್ಟೋ ಕಡೆ ಸೋದರಮಾವನ ಕೈಯಲ್ಲೇ ಇತ್ತು. ಆದರೆ ಸೊಸೆ ಗಂಡನ ಕುಟುಂಬಕ್ಕೆ ಸೇರದೆಯೂ ಸಂಸಾರ ನಡೆಯುತ್ತದೆ, ಗಂಡಹೆಂಡಿರು ಅನ್ಯೋನ್ಯವಾಗಿರುತ್ತಾರೆ, ಮಕ್ಕಳು ಬೆಳೆಯುತ್ತವೆ ಎಂಬುದಕ್ಕೆ ಕನ್ನಡ ಜಿಲ್ಲೆಯಲ್ಲೇ ತಲೆಮಾರುಗಳ ಉದಾಹರಣೆ ಇತ್ತೆಂಬುದು ಸಣ್ಣ ಸಂಗತಿಯಲ್ಲ.

ಕಾನೂನಿನ ಪುಸ್ತಕವನ್ನು ತೆರೆದರೆ ‘ಅಂತೆ’ಯ ಬಣ್ಣ ಇನ್ನೂ ಚೆನ್ನಾಗಿ ಬಯಲಾಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳು ಮೊದಲ ವರ್ಗದ ವಾರಸುದಾರಳು. ಸೊಸೆ ಅಲ್ಲ, ಗಂಡ ಸತ್ತು ವಿಧವೆಯಾದರೆ ಮಾತ್ರ ಮಾವನ ಆಸ್ತಿಯ ವಾರಸುದಾರರ ಪಟ್ಟಿಯಲ್ಲಿ ಅವಳಿಗೆ ಜಾಗ. ಇದು ನ್ಯಾಯವೇ ಇರಬಹುದು, ಅವಳಿಗೆ ಅವಳ ತವರಿನ ಪಾಲಿದೆ. ಆದರೆ ಅದೇ ಕಾಯ್ದೆಯ 15ನೇ ಕಲಮಿಗೆ ಬನ್ನಿ. ಹೆಣ್ಣೊಬ್ಬಳು ಉಯಿಲು ಬರೆಯದೆ ಸತ್ತರೆ ಅವಳ ಸ್ವಂತ ಸಂಪಾದನೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ಹೆತ್ತ ತಾಯಿತಂದೆಗೆ. ಗಂಡಸಿನ ಆಸ್ತಿ ಹೆಂಡತಿಯ ತವರಿಗೆ ಹೀಗೆ ಹರಿಯುವ ಯಾವ ಕಾಲುವೆಯನ್ನೂ ಕಾಯ್ದೆ ತೋಡಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣದಲ್ಲಿ, ಮದುವೆಯಾದ ಮೂರೇ ತಿಂಗಳಲ್ಲಿ ಗಂಡ ತೀರಿಕೊಂಡು, ಗಂಡನ ಮನೆಯವರು ಹೊರಹಾಕಿದ ಮೇಲೆ ತವರಿನಲ್ಲಿದ್ದು ಓದಿ, ನೌಕರಿ ಹಿಡಿದು ಬದುಕಿದ ಹೆಣ್ಣುಮಗಳ ಉಳಿತಾಯ ಯಾರಿಗೆ ಸೇರಬೇಕೆಂಬ ಪ್ರಶ್ನೆ ಬಂತು. ಅನುಕಂಪದಿಂದ ಕಾನೂನನ್ನು ಬದಲಿಸಲಾಗದೆಂದು ಹೇಳಿ ನ್ಯಾಯಾಲಯ ಅದನ್ನು ಗಂಡನ ಕಡೆಯವರಿಗೇ ಕೊಟ್ಟಿತು. ಬದುಕಿದ್ದಾಗ ಬೇಡವಾದ ಸೊಸೆ ಸತ್ತ ಮೇಲೆ ಮನೆಯವಳಾದಳು. ಓದುವ ಹೆಣ್ಣುಮಕ್ಕಳಿಗೆ ಇಲ್ಲೇ ಒಂದು ಮಾತು ಹೇಳಿಬಿಡಬಹುದು: ಉಯಿಲು ಬರೆದಿಡಿ, ಬಿಳಿಹಾಳೆಯ ಮೇಲಾದರೂ ಸರಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ.

ಹೊಣೆಯ ವಿಷಯದಲ್ಲೂ ಕಾನೂನು ಸೊಸೆಯನ್ನು ಮಗಳೆನ್ನುವುದಿಲ್ಲ, ಮತ್ತು ಇಲ್ಲಿ ಅದು ಸರಿಯಾಗಿಯೇ ಹೇಳಿದೆ. 2007ರ ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ, ಅಳಿಯ ಇಬ್ಬರೂ ಇಲ್ಲ. ಅವರನ್ನೂ ಸೇರಿಸಬೇಕೆಂದು 2019ರ ತಿದ್ದುಪಡಿ ಮಸೂದೆಯಲ್ಲಿ ಪ್ರಸ್ತಾಪವಿತ್ತು. ಅಂದರೆ ಮಾವನಿಗೆ ಮಾತ್ರೆ ಕೊಡುವುದು, ಅತ್ತೆಯ ಮೊಣಕಾಲಿಗೆ ಎಣ್ಣೆ ನೀವುವುದು ಪುಸ್ತಕದ ಪ್ರಕಾರ ಮಗನ ಕೆಲಸ. ನಡೆಯುವುದು ಹೇಗೆಂದು ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆ ಹೇಳುವ ಹಾಗೆ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸು ಅದರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾಳೆ, ಗಂಡಸು 97 ನಿಮಿಷ. ಕೈಹಾಕುವ ಗಂಡಸರ ಪ್ರಮಾಣವಾದರೂ ಎಷ್ಟು? ನೂರಕ್ಕೆ 26. ಹೆಂಗಸರು 81. ಈ ಸಂಖ್ಯೆಗಳಲ್ಲಿ ತಾಯಿ, ಮಗಳು, ಸೊಸೆ ಎಲ್ಲ ಸೇರಿಹೋಗಿದ್ದಾರೆ, ಸೊಸೆಯ ಪಾಲೆಷ್ಟೆಂದು ಬಿಡಿಸಿ ತೋರಿಸುವುದಿಲ್ಲ. ಆದರೆ ನೂರರಲ್ಲಿ 74 ಗಂಡಸರು ಲೋಟವನ್ನೂ ತೊಳೆಯದೆ ಎದ್ದು ಹೋದಾಗ ‘ನಮ್ಮ ತಂದೆತಾಯಿಯನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂಬ ಮಾತಿನಲ್ಲಿ ‘ನಾವು’ ಯಾರೆಂದು ಬೇರೆ ಹೇಳಬೇಕೆ?

ಅತ್ತೆ-ಸೊಸೆಯರ ನಡುವೆ ಅಧಿಕಾರ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಕರ್ನಾಟಕದಲ್ಲಿ ಈಚೆಗೆ ಸರ್ಕಾರಿ ಅರ್ಜಿಯ ರೂಪದಲ್ಲೇ ಎದುರಾಯಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುತ್ತದೆ. ಯಜಮಾನಿ ಯಾರು, ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಯೋಜನೆ ಜಾರಿಗೆ ಬರುವ ಮೊದಲೇ ಹರಟೆಕಟ್ಟೆಯಿಂದ ಮಂತ್ರಿಗಳ ಪತ್ರಿಕಾಗೋಷ್ಠಿಯವರೆಗೆ ಹಬ್ಬಿತು. ಉತ್ತರ ರೇಷನ್ ಕಾರ್ಡಿನಲ್ಲಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಹಿರಿಯ ಮಹಿಳೆಯೇ ಮುಖ್ಯಸ್ಥೆ. ಎಷ್ಟೋ ಅತ್ತೆಯಂದಿರ ಪಾಲಿಗೆ ಆ ಎರಡು ಸಾವಿರ ಯಾರ ಕೈನೋಡದೆ ಬಂದ ಮೊದಲ ದುಡ್ಡು, ಅದರ ಬಗ್ಗೆ ನನಗೆ ಸಂತೋಷವೇ. ಗಮನಿಸಬೇಕಾದದ್ದು ಬೇರೆ: ಒಂದು ಮನೆಗೆ ಒಬ್ಬಳೇ ಯಜಮಾನಿ ಎಂದ ಕೂಡಲೇ ಎರಡನೆಯವಳಿಗೆ ಇರುವುದು ಎರಡೇ ದಾರಿ, ಕಾಯುವುದು ಅಥವಾ ಬೇರೆ ಕಾರ್ಡು ಮಾಡಿಸುವುದು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯೂ ಇಷ್ಟನ್ನೇ ಹೇಳುತ್ತದೆ. ಇಬ್ಬರಿಗೂ ಒಂದೇ ಕಾಲ ಎಂಬ ಊಹೆ ಗಾದೆಗೂ ಬರಲಿಲ್ಲ. ಒಂದೇ ಒಂದು ಅಡುಗೆಮನೆಯನ್ನು ರಾಜ್ಯವೆಂದು ಹೆಂಗಸರ ಕೈಗೆ ಕೊಟ್ಟು, ಹೊಲ, ಸೈಟು, ಬ್ಯಾಂಕಿನ ಪಾಸ್‌ಬುಕ್ಕುಗಳನ್ನೆಲ್ಲ ಗಂಡಸರ ಬೀರುವಿನಲ್ಲಿಟ್ಟರೆ ಆ ಒಂದು ರಾಜ್ಯಕ್ಕೆ ಇಬ್ಬರು ಕಾದಾಡುವುದು ಸ್ವಭಾವದೋಷವಲ್ಲ. ಸಂಜೆಯ ಧಾರಾವಾಹಿಗಳು ಅದನ್ನು ಸ್ವಭಾವವೆಂದೇ ತೋರಿಸಿ ವರ್ಷಾನುಗಟ್ಟಲೆ ಓಡುತ್ತವೆ. ರೇಷ್ಮೆ ಸೀರೆಯುಟ್ಟು ಮಲಗಿ, ಬೆಳಿಗ್ಗೆ ಅದೇ ಸೀರೆಯಲ್ಲಿ ಸಂಚು ಹೂಡುವ ಅತ್ತೆ ನಮ್ಮ ನಿಜವಾದ ಅತ್ತೆಯಂದಿರಿಗೆ ಮಾಡಿದ ಅವಮಾನ ಕಡಿಮೆಯದಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಸುಲಭದ್ದು: ದೂರ ಇಟ್ಟರೆ ಮನೆ ಮನೆಯಾಗಿರುತ್ತದೆಯೇ, ಲಾಡ್ಜಾಗುವುದಿಲ್ಲವೇ? ಇದು ಪಟ್ಟಣದ, ಪರದೇಶದ ಯೋಚನೆ ಎಂದೂ ಹೇಳುವವರಿದ್ದಾರೆ. ಅವರು ಆಷಾಢವನ್ನು ನೆನೆಯಬೇಕು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಇದಕ್ಕೆ ಹೇಳುವ ಕಾರಣಗಳು ನಾನಾ. ಬಿತ್ತನೆಯ ಕಾಲ ಎನ್ನುವವರುಂಟು, ಹೆರಿಗೆ ಬೇಸಿಗೆಗೆ ಬೀಳುತ್ತದೆಂದು ತಿಂಗಳೆಣಿಸುವವರುಂಟು. ಕಾರಣ ಯಾವುದೇ ಇರಲಿ, ಹೊಸದಾಗಿ ಕೂಡಿದ ಇಬ್ಬರು ಹೆಂಗಸರಿಗೆ ಒಂದು ತಿಂಗಳು ಪರಸ್ಪರ ಬಿಡುವು ಬೇಕೆಂದು ಪಂಚಾಂಗದಲ್ಲಿ ಜಾಗ ಮಾಡಿಟ್ಟವರು ಪರದೇಶದವರಲ್ಲ. ನಮ್ಮ ಹಿರಿಯರಿಗೆ ದೂರದ ಬೆಲೆ ಗೊತ್ತಿತ್ತು. ಅದನ್ನು ಮೊದಲ ವರ್ಷದ ಒಂದು ತಿಂಗಳಿಗೆ ಕಟ್ಟಿಹಾಕಿದ್ದಷ್ಟೇ ಅವರ ಜಿಪುಣತನ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಕನ್ನಡದಲ್ಲಿ ಅತ್ತೆ ಎಂದರೆ ಗಂಡನ ತಾಯಿ ಮಾತ್ರವಲ್ಲ, ಅಪ್ಪನ ತಂಗಿ. ಮಾವ ಎಂದರೆ ಅಮ್ಮನ ತಮ್ಮ. ಸೋದರತ್ತೆಯ ಮಗ, ಸೋದರಮಾವ, ಅಕ್ಕನ ಮಗಳು ಎಂದು ಒಳಗೊಳಗೇ ಹೆಣ್ಣು ಕೊಟ್ಟು ತಂದ ನಾಡು ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಇಂದಿಗೂ ರಕ್ತಸಂಬಂಧದ ಮದುವೆಗಳು ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಅಂಥ ಮನೆಯಲ್ಲಿ ಸೊಸೆ ಎತ್ತಿ ಆಡಿಸಿದ ಕೂಸು, ಅವಳಿಗೆ ‘ಮಗಳಂತೆ’ ಎನ್ನುವುದು ಅಲಂಕಾರವಲ್ಲ, ನಿಜ ಎನ್ನಬಹುದು. ಹಾಗಿದ್ದರೆ ಒಳಸಂಬಂಧ ರೂಢಿಯಲ್ಲಿದ್ದ ಇದೇ ಸೀಮೆಗಳಲ್ಲಿ ಗಂಡನ ಮನೆಯ ದುಃಖದ ಹಾಡುಗಳು ಇಷ್ಟೊಂದು ಹುಟ್ಟಿದ್ದು ಹೇಗೆ? ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ತವರಿನ ಹಂಬಲದಿಂದ ತುಂಬಿದೆ. ರಕ್ತದ ನಂಟು ಸೊಸೆಯನ್ನು ಕಾಯುವುದಾಗಿದ್ದರೆ ಆ ಹೆಂಗಸರು ಬೀಸುತ್ತ ಬೀಸುತ್ತ ತವರಿನ ದಾರಿ ನೋಡಬೇಕಾಗಿರಲಿಲ್ಲ. ಎತ್ತಿ ಆಡಿಸಿದ ಕೂಸೂ ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದ ಕ್ಷಣದಿಂದ ಸೊಸೆಯೇ. ಮೊದಲಿನ ಸಲಿಗೆ ಹೊಸಿಲ ಆಚೆ ಉಳಿಯುತ್ತದೆ, ಮೊದಲೇ ಪರಿಚಯವಿರುವುದರಿಂದ ಬಾಯಿಬಿಟ್ಟು ದೂರಲು ಜಾಗವೂ ಇರುವುದಿಲ್ಲ. ಅಪ್ಪನ ಹತ್ತಿರ ಅಪ್ಪನ ತಂಗಿಯನ್ನೇ ಹೇಗೆ ದೂರುವುದು?

ವಯಸ್ಸಾದವರ ಗತಿಯೇನು ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಮನೆಯ ಹುಡುಗರೆಲ್ಲ ಬೆಂಗಳೂರಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದ ಮೇಲೆ ಊರಿನ ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು ಉಳಿದರೆ ಅವರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಸೊಸೆಯೂ ನೆಂಟಳಾಗಿಬಿಟ್ಟರೆ ರಾತ್ರಿ ಎದೆನೋವು ಬಂದಾಗ ಬಾಗಿಲು ತೆರೆಯುವವರು ಯಾರು? ಇದಕ್ಕೆ ಉತ್ತರ ಮಗನ ಬಳಿ ಇದೆ, ಮಗಳ ಬಳಿಯೂ ಇದೆ. ಕಾನೂನು ಅವರನ್ನೇ ಹೆಸರಿಸಿದೆ. ಸೊಸೆ ಮಾಡಬಾರದೆಂದಲ್ಲ. ಮಾಡಿದಾಗ ಅದು ಅವಳು ಕೊಟ್ಟದ್ದು ಎಂದು ಮನೆಗೆ ತಿಳಿದಿರಬೇಕು. ಅಳಿಯನೊಬ್ಬ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ರಾತ್ರಿ ಬೆಂಚಿನ ಮೇಲೆ ಮಲಗಿದರೆ ಆ ಸುದ್ದಿ ನೆಂಟರಲ್ಲೆಲ್ಲ ಹತ್ತು ವರ್ಷ ಓಡಾಡುತ್ತದೆ: ‘ಹೆತ್ತ ಮಗನೂ ಹಾಗೆ ಮಾಡೋದಿಲ್ಲ.’ ಸೊಸೆ ಹತ್ತು ವರ್ಷ ಹಾಸಿಗೆ ಬದಲಿಸಿದರೆ ಅದು ಸುದ್ದಿಯಲ್ಲ, ಏಕೆಂದರೆ ಮಗಳಾದವಳು ಮಾಡಬೇಕಾದದ್ದೇ. ಮಗಳೆಂದು ಕರೆಯುವುದರಿಂದ ಆಗುವ ನಷ್ಟಗಳಲ್ಲಿ ಇದು ಒಂದು: ಅವಳ ದುಡಿಮೆಗೆ ಕೃತಜ್ಞತೆ ಹೇಳುವ ಅವಕಾಶವೇ ಆ ಮನೆಗೆ ತಪ್ಪಿಹೋಗುತ್ತದೆ.

ನಿಜವಾಗಿಯೂ ಮಗಳಿಗಿಂತ ಹೆಚ್ಚಾಗಿ ಸೊಸೆಯನ್ನು ಕಂಡ ಅತ್ತೆಯರಿದ್ದಾರೆ. ಸೊಸೆಯನ್ನು ಓದಿಸಿದವರು, ಗಂಡ ಸತ್ತ ಸೊಸೆಗೆ ತಾವೇ ಮುಂದೆ ನಿಂತು ಮರುಮದುವೆ ಮಾಡಿಸಿದವರು, ಮಗನ ತಪ್ಪಿದ್ದಾಗ ಸೊಸೆಯ ಪರ ಸಾಕ್ಷಿ ಹೇಳಿದವರು. ಅವರ ಮುಂದೆ ನನ್ನ ವಾದ ಬಾಯಿ ಮುಚ್ಚಿಕೊಳ್ಳಬೇಕೇ? ಅವರು ಮಾಡಿದ್ದೇನೆಂದು ನೋಡಿ. ಸೊಸೆಗೆ ತನ್ನದೇ ಒಂದು ಬದುಕಿದೆ, ಅದು ಈ ಮನೆಯ ಕೆಲಸಕ್ಕೆ ಮೀಸಲಾದದ್ದಲ್ಲ ಎಂದು ಒಪ್ಪಿಕೊಂಡರು. ನಾನು ದೂರವೆನ್ನುವುದು ಇದನ್ನೇ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಒಂದು ಮನೆಯ ವ್ಯಾಜ್ಯದಲ್ಲಿ, ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದೊಡ್ಡಿ ಸೊಸೆಯನ್ನು ನೇರವಾಗಿ ಹೊರಹಾಕುವಂತಿಲ್ಲ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟ ವಾಸದ ಹಕ್ಕನ್ನೂ ನೋಡಬೇಕೆಂದಿತು. ಆ ಹಕ್ಕು ಬಂದದ್ದು ಅವಳು ಮಗಳಂತೆ ಎಂಬ ಕಾರಣಕ್ಕಲ್ಲ. ಮದುವೆಯಾಗಿ ಆ ಮನೆಯಲ್ಲಿ ಬಾಳಿದವಳೆಂಬ ಕಾರಣಕ್ಕೆ, ಅಂದರೆ ಸೊಸೆಯೆಂಬ ಕಾರಣಕ್ಕೇ.

ದೂರವೆಂದರೆ ಪ್ರತ್ಯೇಕ ಒಲೆಯಲ್ಲ, ಮೂತಿ ತಿರುವಿಕೊಂಡು ಓಡಾಡುವುದೂ ಅಲ್ಲ. ಅದು ಎಲ್ಲಿದೆಯೆಂದು ಎರಡು ಕ್ರಿಯಾಪದಗಳು ಹೇಳುತ್ತವೆ. ಮಗ ಹೊರಗೆ ಹೊರಟರೆ ‘ಹೇಳಿ ಹೋಗು’ ಎನ್ನುತ್ತೇವೆ. ಸೊಸೆ ಹೊರಟರೆ ‘ಕೇಳಿ ಹೋಗಬೇಕು’. ತವರಿನಲ್ಲಿ ಅಪ್ಪನಿಗೆ ಮೈ ಹುಷಾರಿಲ್ಲ, ನಾಲ್ಕು ದಿನ ಹೋಗಿ ಬರುತ್ತೇನೆ ಎಂಬುದು ಹೇಳುವ ಮಾತೋ, ಕೇಳುವ ಮಾತೋ? ಅವಳ ಸಂಬಳದಿಂದ ತಮ್ಮನ ಕಾಲೇಜಿನ ಫೀಸು ಕಟ್ಟುವುದು ಹೇಳುವ ವಿಷಯವೋ, ಕೇಳುವ ವಿಷಯವೋ? ಕೋಣೆಯ ಬಾಗಿಲು ಮುಚ್ಚಿದ್ದರೆ ತಟ್ಟಿ ಒಳಗೆ ಬರುವುದು, ಅವಳ ಬೀರುವನ್ನು ಅವಳಿಲ್ಲದಾಗ ತೆರೆಯದಿರುವುದು, ಮಗು ಯಾವಾಗ ಎಂದು ನೆಂಟರ ಮುಂದೆ ಕೇಳದಿರುವುದು, ಇವೆಲ್ಲ ಅಳಿಯನ ವಿಷಯದಲ್ಲಿ ನಮಗೆ ಯಾರೂ ಕಲಿಸದೆ ಬಂದಿವೆ. ಹಳ್ಳಿಯ ಕೂಡುಮನೆಯಲ್ಲಿ ಕೋಣೆಯೇ ಇಲ್ಲ, ತಟ್ಟುವುದೆಲ್ಲಿಂದ ಎಂದು ಕೇಳಬಹುದು. ಸರಿ, ಅಲ್ಲಿ ಬಾಗಿಲು ಬೇಡ, ಕ್ರಿಯಾಪದ ಬದಲಾಗಲಿ. ಅದಕ್ಕೆ ಇಟ್ಟಿಗೆ ಸಿಮೆಂಟಿನ ಖರ್ಚಿಲ್ಲ.

ಮದುವೆ ಮಾತುಕತೆಯಲ್ಲಿ ಇನ್ನು ಮುಂದೆ ಯಾರಾದರೂ ‘ಮಗಳಂತೆ ನೋಡ್ಕೋತೀವಿ’ ಎಂದರೆ ಹುಡುಗಿಯ ಕಡೆಯವರು ನಗುನಗುತ್ತಲೇ ‘ಬೇಡ, ಅಳಿಯನಂತೆ ನೋಡಿಕೊಳ್ಳಿ’ ಎಂದು ಹೇಳಬಹುದು. ಒಂದು ಕ್ಷಣ ಮೌನವಾಗುತ್ತದೆ, ಸಂಬಂಧ ಮುರಿಯುವಷ್ಟು ದೊಡ್ಡ ಮಾತೇನಲ್ಲ. ಮಾತು ಮುಗಿದು ಮದುವೆಯೂ ಆಗಿಹೋಗಿರುವ ಮನೆಗಳ ಗಂಡುಮಕ್ಕಳಿಗೆ ಅದಕ್ಕಿಂತ ಸಣ್ಣ ಕೆಲಸವಿದೆ. ಈ ಸಲ ಗೌರಿ ಹಬ್ಬದ ಊಟಕ್ಕೆ ಕೂತಾಗ ಅಪ್ಪ ‘ಉಪ್ಪು’ ಎಂದರೆ ನೀವು ಏಳಿ. ಎಲ್ಲಿದೆಯೆಂದು ಅಡುಗೆಮನೆಯಿಂದ ಕೂಗಿ ಕೇಳಬೇಡಿ, ಹುಡುಕಿ.